ಹಳೆಯ ಜೆರ್ಸಿ ಕೊಳ್ಳುವ ಮುಂಚೆ ಒಳಮೈ ತಿರುಗಿಸಿ ನೋಡಿ

ಆನ್‌ಲೈನ್‌ನಲ್ಲಿ ಹಳೆಯ ಜೆರ್ಸಿ ಕೊಳ್ಳುವ ಆಸೆ ಇದ್ದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ 1988ರ ನೆದರ್ಲೆಂಡ್ಸ್ ಫುಟ್‌ಬಾಲ್ ತಂಡದ ಕಿತ್ತಳೆ ಜೆರ್ಸಿ, ಬೆನ್ನ ಮೇಲೆ 12, 'ಆಟಗಾರರಿಗೆಂದೇ ಹೊಲಿದಿದ್ದು' ಅನ್ನುವ ಮಾತು ಕಣ್ಣಿಗೆ ಬಿದ್ದರೆ ಇನ್ನೂ ಹುಷಾರು. ನಾನು ಅದನ್ನೇ ಕೊಂಡು ಮೋಸ ಹೋದೆ. ಎರಡು ವರ್ಷ ಕೂಡಿಟ್ಟ ಹಣ ಅದು. ಹಣ ಹೋಗಿದ್ದಕ್ಕೆ ಹೊಟ್ಟೆ ಉರಿಯಿತು ನಿಜ. ಆದರೆ ಯಾವ ವಿಷಯ ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆನೋ ಅದರಲ್ಲೇ ಮೋಸ ಹೋದೆನಲ್ಲ, ಆ ನೋವು ಇನ್ನೂ ಜಾಸ್ತಿ.

ಚಿಕ್ಕಂದಿನಿಂದಲೂ ನನಗೆ ಸ್ಕೋರ್‌ಗಿಂತ ಮೊದಲು ಕಣ್ಣಿಗೆ ಬೀಳುವುದು ಆಟಗಾರರ ಬಟ್ಟೆ. ಈ ಹುಚ್ಚು ಹಿಡಿದಿದ್ದು 1992ರ ಕ್ರಿಕೆಟ್ ವಿಶ್ವಕಪ್‌ನಿಂದ. ವಿಶ್ವಕಪ್‌ನಲ್ಲಿ ಬಿಳಿ ಬಟ್ಟೆ ಹೋಗಿ ಬಣ್ಣದ ಬಟ್ಟೆ ಬಂದಿದ್ದು ಆಗಲೇ. ಎಲ್ಲ ತಂಡಗಳಿಗೂ ವಿನ್ಯಾಸ ಒಂದೇ. ಭುಜದ ಮೇಲೆ ಅವೇ ಬಣ್ಣದ ಪಟ್ಟಿಗಳು, ಬೆನ್ನ ಮೇಲೆ ಹೆಸರು. ಬೇರೆ ಇದ್ದಿದ್ದು ಅಂಗಿಯ ಬಣ್ಣ ಮಾತ್ರ. ಭಾರತಕ್ಕೆ ಕಡು ನೀಲಿ, ಪಾಕಿಸ್ತಾನಕ್ಕೆ ತಿಳಿ ಹಸಿರು, ನ್ಯೂಜಿಲೆಂಡ್‌ಗೆ ಬೂದು. ಒಂದೇ ಅಂಗಿ ಬಣ್ಣ ಬದಲಾದ ತಕ್ಷಣ ಬೇರೆಯದೇ ತಂಡ ಆಗಿಬಿಡುತ್ತದೆ ಅನ್ನುವುದು ನನಗೆ ದೊಡ್ಡ ಬೆರಗು. ಆಮೇಲೆ ಫುಟ್‌ಬಾಲ್ ಜೆರ್ಸಿಗಳ ಕಡೆ ಮನಸ್ಸು ವಾಲಿತು. ಅಲ್ಲಿ ಸಿಕ್ಕಿದ್ದೇ ಈ ಕಿತ್ತಳೆ ಜೆರ್ಸಿ.

ನೋಡದವರಿಗೆ ಎರಡು ಮಾತು. ಅಡಿಡಾಸ್ ತಯಾರಿಸಿದ್ದು. ಎದೆಯ ತುಂಬ ಮೀನಿನ ಪೊರೆ ಜೋಡಿಸಿದ ಹಾಗೆ ಕೋನ ಕೋನದ ಚಿತ್ತಾರ. ಅದರೊಳಗೆ ಕಿತ್ತಳೆ ಬಣ್ಣ ಒಂದು ಕಡೆ ತಿಳಿಯಾಗಿ, ಇನ್ನೊಂದು ಕಡೆ ಗಾಢವಾಗಿ ಹರಿಯುತ್ತದೆ. 1988ರ ಜೂನ್ 25ರಂದು ಮ್ಯೂನಿಕ್‌ನಲ್ಲಿ ಯುರೋ ಕಪ್ ಫೈನಲ್. ಸೋವಿಯತ್ ತಂಡದ ಎದುರು ಖುಲ್ಲಿಟ್ ಒಂದು ಗೋಲು ಹೊಡೆದರು. ಇನ್ನೊಂದು ವಾನ್ ಬಾಸ್ಟನ್ ಅವರದ್ದು. ಬಲಗಡೆಯ ಆ ಇಕ್ಕಟ್ಟಾದ ಕೋನದಿಂದ, ಚೆಂಡು ನೆಲ ಮುಟ್ಟುವ ಮೊದಲೇ ಒದ್ದಿದ್ದು. ಅವರ ಬೆನ್ನ ಮೇಲೆ 12. ನೆದರ್ಲೆಂಡ್ಸ್ ಪುರುಷರ ತಂಡ ಗೆದ್ದ ಒಂದೇ ದೊಡ್ಡ ಕಪ್ ಅದು. ಆ ಗೋಲನ್ನು ನೂರಾರು ಸಲ ನೋಡಿದ್ದೇನೆ. ಪ್ರತಿ ಸಲವೂ ಕಣ್ಣು ಚೆಂಡಿನ ಹಿಂದೆ ಹೋಗುವುದಿಲ್ಲ, ಆ ಚಿತ್ತಾರದ ಮೇಲೇ ನಿಲ್ಲುತ್ತದೆ.

ಅಂಥ ಜೆರ್ಸಿ ಮಾರಾಟಕ್ಕಿದೆ ಅಂತ ಕಂಡಾಗ ಕೈ ನಡುಗಿದ್ದು ಸುಳ್ಳಲ್ಲ.

ಮಾರುವವರು ತುಂಬ ಸಮಾಧಾನದಿಂದ ಮಾತಾಡುವ ಮನುಷ್ಯ. ಅವಸರ ಮಾಡಲಿಲ್ಲ. 'ಇವತ್ತೇ ಕೊಳ್ಳಿ, ಇನ್ನೊಬ್ಬರು ಕಾಯ್ತಿದ್ದಾರೆ' ಅನ್ನಲಿಲ್ಲ. ಹತ್ತು ದಿನ ನಾವು ಬರೀ ಜೆರ್ಸಿಗಳ ಬಗ್ಗೆ ಮಾತಾಡಿದೆವು. ನಾನು ಬ್ರೆಜಿಲ್‌ನ ಹಳದಿ ಅಂಗಿಯ ಕಥೆ ಹೇಳಿದೆ. 1950ರ ವಿಶ್ವಕಪ್‌ನಲ್ಲಿ ತಮ್ಮ ಮೈದಾನದಲ್ಲೇ ಉರುಗ್ವೆ ಎದುರು ಸೋತಾಗ ಬ್ರೆಜಿಲ್ ತೊಟ್ಟಿದ್ದು ಬಿಳಿ. ಆ ಬಿಳಿ ಬೇಡವೇ ಬೇಡ ಅಂತ 1953ರಲ್ಲಿ ಒಂದು ಪತ್ರಿಕೆ ಸ್ಪರ್ಧೆ ಇಟ್ಟಿತು. ಬಾವುಟದ ನಾಲ್ಕೂ ಬಣ್ಣ ಬರಬೇಕು ಅನ್ನುವುದು ಷರತ್ತು. ಗೆದ್ದವರು 19 ವರ್ಷದ ಆಲ್ಡಿರ್ ಶ್ಲೀ. ಉರುಗ್ವೆ ಗಡಿಯ ಊರಿನವರು, ಮನಸ್ಸಿನಲ್ಲಿ ಉರುಗ್ವೆಯ ಅಭಿಮಾನಿ! ಈ ಕಥೆ ಕೇಳಿ ಅವರು ಮ್ಯಾಂಚೆಸ್ಟರ್ ಯುನೈಟೆಡ್‌ನ ಬೂದು ಜೆರ್ಸಿಯದ್ದು ಹೇಳಿದರು. 1996ರ ಏಪ್ರಿಲ್‌ನಲ್ಲಿ ಸೌತಾಂಪ್ಟನ್ ಎದುರು ಅರ್ಧ ಆಟಕ್ಕೇ 3-0 ಹಿಂದೆ ಬಿದ್ದು, ಬೂದು ಬಟ್ಟೆಯಲ್ಲಿ ಒಬ್ಬರಿಗೊಬ್ಬರು ಕಾಣುತ್ತಿಲ್ಲ ಅಂತ ವಿರಾಮದಲ್ಲಿ ಅಂಗಿ ಬದಲಿಸಿ ಬಂದರಲ್ಲ, ಅದೇ. ಕೊನೆಗೆ 3-1ರಿಂದ ಸೋತರು.

ಇಷ್ಟೆಲ್ಲ ಗೊತ್ತಿರುವವರು ಮೋಸ ಮಾಡ್ತಾರಾ ಅಂತ ನನಗೆ ಅನ್ನಿಸಿತು. ನಾನು ಜಾರಿದ್ದು ಇಲ್ಲೇ. ಆಟದ ಬಗ್ಗೆ ಅವರಿಗೆ ಗೊತ್ತಿದ್ದಿದ್ದು ನಿಜ. ಆ ಜೆರ್ಸಿ ಎಲ್ಲಿಂದ ಬಂತು ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಈಗ ಹಳೆಯ ಸಂದೇಶಗಳನ್ನು ಓದಿದರೆ ಇನ್ನೊಂದು ವಿಷಯ ಕಾಣುತ್ತದೆ. 'ಇದು ಆಟಗಾರರಿಗೆ ಕೊಟ್ಟಿದ್ದಾ?' ಅಂತ ಮೊದಲು ಕೇಳಿದ್ದು ನಾನು. ಅಲ್ಲಿಯವರೆಗೆ ಅವರು ಆ ಮಾತೇ ಎತ್ತಿರಲಿಲ್ಲ. 'ತಂಡದ ಬಟ್ಟೆ ನೋಡಿಕೊಳ್ಳುವವರ ಕಡೆಯಿಂದ ಬಂದಿರಬಹುದಾ?' ಅಂತ ಕೇಳಿದ್ದೂ ನಾನೇ. ಮೂರು ದಿನ ಬಿಟ್ಟು ಅದೇ ಮಾತು ಅವರ ಬಾಯಿಂದ ಕಥೆಯಾಗಿ ಬಂತು. ಬೇಕಾದ ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಕೇಳಬೇಡಿ. 'ಇದು ನಿಮಗೆ ಹೇಗೆ ಸಿಕ್ಕಿತು?' ಅಂತ ಮಾತ್ರ ಕೇಳಿ, ಸುಮ್ಮನಿದ್ದುಬಿಡಿ.

ಎಂಟು ಫೋಟೋ ಕಳಿಸಿದರು. ಎಲ್ಲವೂ ಚೆನ್ನಾಗಿದ್ದವು. ಜೊತೆಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿದ ಒಂದು ಪ್ರಮಾಣಪತ್ರ. ಅದರಲ್ಲಿ ಸಹಿ ಇತ್ತು, ಸಹಿ ಮಾಡಿದವರ ಹೆಸರು ಓದಲು ಬರುವ ಹಾಗಿರಲಿಲ್ಲ. ಯಾರನ್ನೂ ಫೋನ್ ಮಾಡಿ ಕೇಳಲಾಗದ ಪ್ರಮಾಣಪತ್ರಕ್ಕೆ ಬೆಲೆ ಇಲ್ಲ ಅಂತ ಈಗ ಹೇಳಬಲ್ಲೆ. ಆಗ ಅದನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಟ್ಟೆ. ಹಣ ಕಳಿಸುವಾಗ, ಪರಿಚಯದವರಿಗೆ ಕಳಿಸುವ ದಾರಿಯಲ್ಲಿ ಕಳಿಸಿ, ಕಮಿಷನ್ ಉಳಿಯುತ್ತದೆ ಅಂದರು. ಹಾಗೇ ಮಾಡಿದೆ. ಅಲ್ಲಿಗೆ ಹಣ ವಾಪಸ್ ಕೇಳುವ ಹಕ್ಕನ್ನು ನಾನೇ ಬಿಟ್ಟುಕೊಟ್ಟ ಹಾಗಾಯಿತು. ಆ ದಾರಿಯಲ್ಲಿ ಕಳಿಸಿದ ಹಣಕ್ಕೆ ಕೊಳ್ಳುವವರ ರಕ್ಷಣೆ ಇರುವುದಿಲ್ಲ.

ಪಾರ್ಸೆಲ್ ಬಂತು. ಬಿಚ್ಚಿದೆ. ಚಿತ್ತಾರ ಎದುರಿಗಿತ್ತು. ಅದನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಒಂದೇ ವಾರದಲ್ಲಿ ಗಾಜಿನ ಚೌಕಟ್ಟು ಹಾಕಿಸಿದೆ. ಹಾಗೆ ಗೋಡೆಯ ಮೇಲೆ ಏಳು ತಿಂಗಳು ಇತ್ತು. ಆ ಏಳು ತಿಂಗಳೂ ನಾನು ನೋಡಿದ್ದು ಅದರ ಎದೆಭಾಗವನ್ನು ಮಾತ್ರ.

ಹಳೆಯ ಜೆರ್ಸಿಗಳನ್ನು ಬಹಳ ವರ್ಷಗಳಿಂದ ಕೂಡಿಡುವ ಸ್ನೇಹಿತರೊಬ್ಬರು ಮನೆಗೆ ಬಂದರು. ಗಾಜಿನ ಮುಂದೆ ನಿಂತು ತುಂಬ ಹೊತ್ತು ನೋಡಿದರು. ಹೊಗಳುತ್ತಾರೆ ಅಂತ ಕಾಯುತ್ತಿದ್ದೆ. 'ಇದನ್ನ ಬಿಚ್ಚಬಹುದಾ?' ಅಂದರು. ಬಿಚ್ಚಿಕೊಟ್ಟೆ. ಅವರು ಚಿತ್ತಾರದ ಕಡೆ ನೋಡಲೇ ಇಲ್ಲ. ನೇರವಾಗಿ ಜೆರ್ಸಿಯನ್ನು ಒಳಮೈ ತಿರುಗಿಸಿದರು.

ಕುತ್ತಿಗೆಯ ಹಿಂಭಾಗದಲ್ಲಿ ಲೇಬಲ್ ಇರಲಿಲ್ಲ. ಆಟಗಾರರಿಗೆ ಚುಚ್ಚುತ್ತದೆ ಅಂತ ಕತ್ತರಿಸಿರುತ್ತಾರೆ ಅಂತ ಮಾರಿದವರು ಹೇಳಿದ್ದರು, ನಾನು ನಂಬಿದ್ದೆ. ಸ್ನೇಹಿತರು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಲೇಬಲ್ ಹೊಲಿದಿದ್ದರೆ ಸೂಜಿಯ ತೂತು, ಕತ್ತರಿಸಿದ ನೂಲು ಏನಾದರೂ ಉಳಿಯಬೇಕು. ಅಲ್ಲಿ ಒಂದು ತೂತೂ ಇರಲಿಲ್ಲ. ಅದರ ಬದಲು ಅಂಟು ಕಿತ್ತ ಒಂದು ಮಸುಕು ಚೌಕ ಕಂಡಿತು. ಬಟ್ಟೆಗೆ ಬಿಸಿ ಒತ್ತಿ ಲೇಬಲ್ ಅಂಟಿಸುವುದು ಈಚಿನ ಪದ್ಧತಿ. 1988ರ ಜೆರ್ಸಿಗೆ ಇದ್ದಿದ್ದು ನೇಯ್ದು ಹೊಲಿದ ಲೇಬಲ್.

ಆಮೇಲೆ ಸವೆತ. ಎದೆಯ ಮೇಲೆ, ಹೊಟ್ಟೆಯ ಮೇಲೆ ಬಣ್ಣ ಮಾಸಿತ್ತು, ಜುಂಗು ಎದ್ದಿತ್ತು. ಹಿಂದಿನ ಅಂಕಿ ಚೆನ್ನಾಗಿಯೇ ಬಿರುಕು ಬಿಟ್ಟಿತ್ತು. ಆದರೆ ಕಾಲರ್‌ನ ಮಡಿಕೆಯ ಒಳಗೆ? ಕಂಕುಳಲ್ಲಿ? ಚಡ್ಡಿಯೊಳಗೆ ಸಿಕ್ಕಿಸುವ ಕೆಳ ಅಂಚಿನಲ್ಲಿ? ಎಲ್ಲ ಹೊಸದರ ಹಾಗೆ. ತೊಟ್ಟ ಬಟ್ಟೆ ಮೊದಲು ಸವೆಯುವುದು ಚರ್ಮಕ್ಕೆ ಉಜ್ಜುವ ಕಡೆ, ಬೆವರು ನಿಲ್ಲುವ ಕಡೆ. ಇದು ಫೋಟೋದಲ್ಲಿ ಕಾಣುವ ಕಡೆ ಮಾತ್ರ ಸವೆದಿತ್ತು. ಯಾರೋ ಕೂತು ಉಜ್ಜಿದ್ದಾರೆ.

ಹೇಳಬೇಕಾದ ಒಂದು ಮಾತಿದೆ. ಕಂಪನಿಗಳೇ ಹಳೆಯ ವಿನ್ಯಾಸಗಳನ್ನು ಮತ್ತೆ ತಯಾರಿಸಿ ಮಾರುತ್ತವೆ. ಅದರಲ್ಲಿ ತಪ್ಪಿಲ್ಲ. ನನ್ನಂಥವರಿಗೆ ಅದು ಸಂತೋಷದ ವಿಷಯವೇ. ನನ್ನ ಕೈಗೆ ಬಂದಿದ್ದೂ ಅಂಥದ್ದೇ ಒಂದು ಅಂತ ಸ್ನೇಹಿತರ ಅಭಿಪ್ರಾಯ. ಲೇಬಲ್ ಕಿತ್ತು, ಅಂಕಿ ಅಂಟಿಸಿ, ಉಜ್ಜಿ, ಹಳೆಯದು ಅಂತ ಮಾರಿದ್ದಾರೆ. ಅದಕ್ಕೇ ಚಿತ್ತಾರ ಅಷ್ಟು ಸರಿಯಾಗಿತ್ತು. ಅಗ್ಗದ ನಕಲಿ ಆಗಿದ್ದರೆ ಬಣ್ಣದಲ್ಲೇ ಹಿಡಿಯುತ್ತಿದ್ದೆ.

'ಆದರೆ ಫೋಟೋದಲ್ಲಿ ಲೇಬಲ್‌ನ ಹೊಲಿಗೆ ಗುರುತು ಇತ್ತು' ಅಂದೆ. ಹಾಗೆ ಹೇಳುವಾಗಲೇ ಹೊಳೆಯಿತು. ಫೋಟೋ ತೆರೆದು, ಜೆರ್ಸಿಯನ್ನು ಪಕ್ಕದಲ್ಲಿಟ್ಟೆ.

ಇಲ್ಲಿ ಮರಡೋನಾ ಅವರ ಜೆರ್ಸಿಯ ಕಥೆ ಹೇಳಲೇಬೇಕು, ಯಾಕೆಂದರೆ ಉತ್ತರ ಅದರಲ್ಲೇ ಇತ್ತು. 1986ರ ಜೂನ್ 22, ಮೆಕ್ಸಿಕೊ ಸಿಟಿ, ಇಂಗ್ಲೆಂಡ್ ಎದುರಿನ ಕ್ವಾರ್ಟರ್ ಫೈನಲ್. ಬಿಸಿಲಿಗೆ ದಪ್ಪ ಬಟ್ಟೆ ಆಗದು ಅಂತ ಅರ್ಜೆಂಟೀನಾದವರು ಅಲ್ಲಿನ ಅಂಗಡಿಯಿಂದಲೇ ಹಗುರವಾದ ನೀಲಿ ಜೆರ್ಸಿ ತಂದರು. ಅವಸರದಲ್ಲಿ ಬ್ಯಾಡ್ಜ್ ಹೊಲಿದು, ಹೊಳೆಯುವ ಬೆಳ್ಳಿ ಬಣ್ಣದ ಅಂಕಿ ಇಸ್ತ್ರಿ ಒತ್ತಿ ಅಂಟಿಸಿದರು. ಆಟ ಮುಗಿದ ಮೇಲೆ ಮರಡೋನಾ ಅದನ್ನು ಇಂಗ್ಲೆಂಡಿನ ಸ್ಟೀವ್ ಹಾಜ್ ಜೊತೆ ಬದಲಾಯಿಸಿಕೊಂಡರು. 2022ರಲ್ಲಿ ಅದು ಹರಾಜಿಗೆ ಬಂದಾಗ ಮರಡೋನಾ ಕುಟುಂಬದವರು ಒಪ್ಪಲಿಲ್ಲ. ಇದು ಮೊದಲರ್ಧದ್ದು, ಗೋಲು ಹೊಡೆದಾಗ ತೊಟ್ಟಿದ್ದಲ್ಲ ಅಂದರು. ಹರಾಜು ಸಂಸ್ಥೆ ಹಳೆಯ ಫೋಟೋಗಳ ಜೊತೆ ಹೋಲಿಸಿ ನೋಡಿಸಿತು. ಬ್ಯಾಡ್ಜ್, ಬಟ್ಟೆಯ ಪಟ್ಟಿಗಳು, ಅಂಕಿ ಕೂತ ಜಾಗ, ಇವೆಲ್ಲ ಗೋಲಿನ ಹೊತ್ತಿನ ಫೋಟೋಕ್ಕೆ ಹೊಂದಿದವು. ಕೊನೆಗೆ 71 ಲಕ್ಷ ಪೌಂಡ್‌ಗೂ ಜಾಸ್ತಿ ಬೆಲೆಗೆ ಹೋಯಿತು.

ಇದು ಹೇಗೆ ಸಾಧ್ಯ ಅಂದರೆ, ಥಾನಿನ ಬಟ್ಟೆ ಕತ್ತರಿಸುವಾಗ ಚಿತ್ತಾರ ಪ್ರತಿ ತುಂಡಿನಲ್ಲೂ ಒಂದೇ ಜಾಗಕ್ಕೆ ಬೀಳುವುದಿಲ್ಲ. ಒಂದು ಜೆರ್ಸಿಯಲ್ಲಿ ಕೋನದ ತುದಿ ಹೊಲಿಗೆಗೆ ಸರಿಯಾಗಿ ಸಿಗುತ್ತದೆ, ಇನ್ನೊಂದರಲ್ಲಿ ಒಂದು ಬೆರಳು ಕೆಳಗೆ. ಅಂಕಿ, ಬ್ಯಾಡ್ಜ್ ಕೂರಿಸುವಾಗಲೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಅದೇ ಜೆರ್ಸಿಯ ಬೆರಳಚ್ಚು.

ನಾನು ಈ ಕಥೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಮಾರಿದವರಿಗೂ ಹೇಳಿದ್ದೆ. ನನ್ನ ಜೆರ್ಸಿಗೆ ಮಾತ್ರ ಹಾಗೆ ಮಾಡಿ ನೋಡಿರಲಿಲ್ಲ. ಆವತ್ತು ನೋಡಿದೆ. ಫೋಟೋದಲ್ಲಿ ಎಡಗಡೆ ಪಕ್ಕದ ಹೊಲಿಗೆಗೆ ಒಂದು ಕೋನದ ತುದಿ ಬಂದು ಮುಟ್ಟುತ್ತದೆ. ನನ್ನದರಲ್ಲಿ ಆ ಜಾಗದಲ್ಲಿ ಕೋನ ಅರ್ಧಕ್ಕೆ ತುಂಡಾಗಿದೆ. ಎಂಟು ಫೋಟೋದ ಜೆರ್ಸಿ ಒಂದು, ಪಾರ್ಸೆಲ್‌ನಲ್ಲಿ ಬಂದ ಜೆರ್ಸಿ ಇನ್ನೊಂದು. ಇದನ್ನು ಪಾರ್ಸೆಲ್ ಬಿಚ್ಚಿದ ದಿನವೇ ಐದು ನಿಮಿಷದಲ್ಲಿ ಕಂಡುಹಿಡಿಯಬಹುದಿತ್ತು.

ಮಾರಿದವರಿಗೆ ಬರೆದೆ. 'ಏಳು ತಿಂಗಳಾದ ಮೇಲೆ ನೀವೇ ಬದಲಾಯಿಸಿಲ್ಲ ಅಂತ ಏನು ಗ್ಯಾರಂಟಿ?' ಅಂತ ಒಂದು ಸಾಲು ಬಂತು. ಮರುದಿನ ಖಾತೆಯೇ ಇರಲಿಲ್ಲ. ಹಣ ಕಳಿಸಿದ ಸೇವೆಯವರು ಅವಧಿ ಮುಗಿದಿದೆ, ಅದೂ ಅಲ್ಲದೆ ಇದು ಖರೀದಿಯ ಪಾವತಿಯೇ ಅಲ್ಲ ಅಂದರು. ಅಲ್ಲಿಗೆ ಮುಗಿಯಿತು.

ಈಗ ನಾನು ಕೊಳ್ಳುವ ಮೊದಲು ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಎದೆಭಾಗದ ಫೋಟೋ ಕೇಳುವುದೇ ಇಲ್ಲ. ಅದನ್ನು ಎಲ್ಲರೂ ಕಳಿಸುತ್ತಾರೆ. ಒಳಮೈ ತಿರುಗಿಸಿದ ಫೋಟೋ ಕೇಳುತ್ತೇನೆ. ಬಟ್ಟೆಯ ಮೇಲೆ ಅಚ್ಚು ಹಾಕಿದ ಚಿತ್ತಾರವಾದರೆ ಒಳಗಡೆ ಬಣ್ಣ ತಿಳಿಯಾಗಿರುತ್ತದೆ. ನೇಯ್ಗೆಯಲ್ಲೇ ಬಂದ ಚಿತ್ತಾರವಾದರೆ ಒಳಗೂ ಅದರ ನೆರಳು ಕಾಣುತ್ತದೆ. ಹಳೆಯ ಎಷ್ಟೋ ಜೆರ್ಸಿಗಳ ಹೊಳಪು ಪಟ್ಟಿಗಳು ನೇಯ್ಗೆಯವು. ನಕಲಿಯಲ್ಲಿ ಅದನ್ನು ಅಚ್ಚು ಹಾಕಿ ಮುಗಿಸಿರುತ್ತಾರೆ. ಕಸೂತಿ ಲಾಂಛನದ ಹಿಂಬದಿ, ಪಕ್ಕದ ಎರಡೂ ಹೊಲಿಗೆ, ಕಾಲರ್ ಮಡಿಕೆ, ಇವುಗಳ ಹತ್ತಿರದ ಫೋಟೋ ಬೇಕು. ಜೊತೆಗೆ ಅವತ್ತಿನ ತಾರೀಖು ಬರೆದ ಚೀಟಿಯನ್ನು ಜೆರ್ಸಿಯ ಮೇಲಿಟ್ಟು ತೆಗೆದ ಒಂದು ಫೋಟೋ. ಕೊಡಲ್ಲ ಅಂದರೆ ಬೇಡ. ಬಂದ ದಿನವೇ ಹೊಲಿಗೆಗಳನ್ನು ಫೋಟೋ ಜೊತೆ ಹೋಲಿಸುತ್ತೇನೆ, ಪಾರ್ಸೆಲ್ ಬಿಚ್ಚುವುದನ್ನು ವಿಡಿಯೋ ಮಾಡುತ್ತೇನೆ.

2000ದ ದಶಕದಿಂದ ಈಚಿನ ಜೆರ್ಸಿಯಾದರೆ ಇನ್ನೊಂದು ದಾರಿ ಇದೆ. ಒಳಗಿನ ಚಿಕ್ಕ ಟ್ಯಾಗ್‌ನಲ್ಲಿ ಕಂಪನಿಯ ಕೋಡ್ ಇರುತ್ತದೆ. ನೈಕಿಯದ್ದಾದರೆ ಸಾಮಾನ್ಯವಾಗಿ ಅಕ್ಷರ, ಅಂಕಿ ಸೇರಿ ಆರು, ಗೆರೆ, ಆಮೇಲೆ ಮೂರು ಅಂಕಿ. ಅಡಿಡಾಸ್‌ನದ್ದು ಆರು. ಅದನ್ನು ಆನ್‌ಲೈನ್‌ನಲ್ಲಿ ಹುಡುಕಿದರೆ ಅದೇ ಜೆರ್ಸಿ ಬರಬೇಕು. ಬೇರೆ ತಂಡದ್ದೋ, ಶೂನದ್ದೋ ಬಂದರೆ ನಕಲಿ ಅಂತಲೇ ತಿಳಿಯಿರಿ. ಕೋಡ್ ಸರಿ ಬಂತು ಅಂತ ಮಾತ್ರ ನಂಬಬೇಡಿ, ಅದನ್ನೂ ಕಾಪಿ ಹೊಡೆಯುತ್ತಾರೆ.

ಇದನ್ನೆಲ್ಲ ಇವತ್ತೇ ಬರೆಯಲು ಕಾರಣ ಇದೆ. ಕಳೆದ ವಾರ ಅದೇ ಎಂಟು ಫೋಟೋ ಮತ್ತೆ ಕಣ್ಣಿಗೆ ಬಿದ್ದವು. ಮಾರುವವರ ಹೆಸರು ಬೇರೆ. ಅದೇ ಬೂದು ಬಣ್ಣದ ಹಾಸು, ಅದರ ಮೇಲೆ ಕಿತ್ತಳೆ ಜೆರ್ಸಿ, ಬಲತೋಳು ಸ್ವಲ್ಪ ಒಳಗೆ ಮಡಚಿದೆ. ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ. ಎಡಗಡೆ ಪಕ್ಕದ ಹೊಲಿಗೆಯಲ್ಲಿ, ಕಂಕುಳಿಂದ ಒಂದು ಗೇಣು ಕೆಳಗೆ, ಚಿತ್ತಾರದ ಒಂದು ಚೂಪು ತುದಿ ಹೊಲಿಗೆಗೆ ನೇರವಾಗಿ ಮುಟ್ಟಿರುತ್ತದೆ. ಅದು ಕಂಡರೆ ಹಣ ಕಳಿಸಬೇಡಿ. ಆ ಫೋಟೋದ ಜೆರ್ಸಿ ನಿಮಗೆ ಬರುವುದಿಲ್ಲ.