ಜಿಪ್ಸಂ, ಮಳೆನೀರು, ಗೊಬ್ಬರ: ನೀರು ಇಂಗದ ಮಣ್ಣಿಗೆ ಮೂರನ್ನೂ ಮಾಡಿ ನೋಡಿದೆ

ನನ್ನ ಬೋರ್‌ವೆಲ್ ನೀರು ಬಾಯಿಗೆ ಉಪ್ಪು ಅನ್ನಿಸುವುದಿಲ್ಲ. ಆದರೂ ಮಡಿಗೆ ಬಿಟ್ಟರೆ ಗಂಟೆಗಟ್ಟಲೆ ಮೇಲೇ ನಿಲ್ಲುತ್ತಿತ್ತು. ಒಣಗಿದರೆ ಗಾಯದ ಹಕ್ಕಳೆಯಂಥ ಪದರ.

ನೀರು ಪರೀಕ್ಷೆ ಮಾಡಿಸಿದೆ. ಒಟ್ಟು ಲವಣ ತೋರಿಸುವ ಇ.ಸಿ. 0.8, ಜಾಸ್ತಿ ಏನಲ್ಲ. ಆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎದುರು ಸೋಡಿಯಂ ಎಷ್ಟಿದೆ ಎಂದು ಹೇಳುವ ಎಸ್‌ಎಆರ್ 12. ಕ್ಯಾಲ್ಸಿಯಂ ಇದ್ದರೆ ಜೇಡಿಯ ಕಣಗಳು ಗುಂಪಾಗಿ ಕೂತಿರುತ್ತವೆ. ಆ ಜಾಗಕ್ಕೆ ಸೋಡಿಯಂ ಬಂದರೆ ಉಬ್ಬಿ, ಚದುರಿ, ಮಣ್ಣಿನ ಸಂದುಗಳನ್ನೇ ಮುಚ್ಚುತ್ತವೆ.

ಮೂರು ಮಡಿ ಮಾಡಿ, ಮೂರಕ್ಕೂ ಬೇರೆ ಬೇರೆ ಉಪಾಯ ಹಿಡಿದೆ.

ನನಗೆ ಹೆಚ್ಚು ನಂಬಿಕೆ ಇದ್ದದ್ದು ಮಳೆನೀರಿನ ಮೇಲೆ. ಅರ್ಧಕ್ಕರ್ಧ ಬೆರೆಸಿದೆ. ಏನೂ ಉಪಯೋಗವಾಗಲಿಲ್ಲ! ಲೆಕ್ಕ ಹಾಕಿದಾಗ ಕಾರಣ ಗೊತ್ತಾಯಿತು. ಅರ್ಧ ತೆಳು ಮಾಡಿದರೆ ಇ.ಸಿ. 0.4ಕ್ಕೆ ಇಳಿಯುತ್ತದೆ, ಎಸ್‌ಎಆರ್ ಮಾತ್ರ ಸುಮಾರು 8.5ರಲ್ಲೇ ಉಳಿಯುತ್ತದೆ. ಅದು ವರ್ಗಮೂಲದ ಲೆಕ್ಕದಲ್ಲಿ ಇಳಿಯುವಂಥದ್ದು. ಕಣ ಚದುರದಂತೆ ತಡೆಯುವುದಕ್ಕೆ ನೀರಿನಲ್ಲಿ ಸ್ವಲ್ಪ ಲವಣವೂ ಬೇಕು. ಅದನ್ನೇ ನಾನು ಕಡಿಮೆ ಮಾಡಿದ್ದೆ. ಒಳ್ಳೆಯ ಮಳೆ ಬಿದ್ದ ಮೇಲೇ ಹಕ್ಕಳೆ ಗಟ್ಟಿಯಾಗುತ್ತಿದ್ದದ್ದೂ ಇದಕ್ಕೇ ಅಲ್ವಾ ಅಂತ ಆಗ ಹೊಳೆಯಿತು.

ಜಿಪ್ಸಂ ಇದಕ್ಕೆ ತದ್ವಿರುದ್ಧ. ಲವಣವನ್ನೂ ಕೊಡುತ್ತದೆ, ಕ್ಯಾಲ್ಸಿಯಂ ಅನ್ನೂ ಕೊಡುತ್ತದೆ. ಮೊದಲ ಸಲ ಆಳಕ್ಕೆ ಅಗೆದು ಬೆರೆಸಿ ಹಾಳುಮಾಡಿಕೊಂಡೆ. ನನ್ನಲ್ಲಿ ನೀರು ತಡೆಯುತ್ತಿದ್ದದ್ದು ಮೇಲಿನ ಕೆಲವೇ ಸೆಂಟಿಮೀಟರ್. ಆಮೇಲೆ ನೀರಿಗೇ ಹಾಕಿದೆ. 1000 ಲೀಟರಿಗೆ ಸುಮಾರು 170 ಗ್ರಾಂ ಶುದ್ಧ ಜಿಪ್ಸಂ ಪೂರ್ತಿ ಕರಗಿದರೆ ನನ್ನ ನೀರಿನ ಎಸ್‌ಎಆರ್ 6ರ ಹತ್ತಿರ ಬರುತ್ತದೆ. ಕೆಲವೇ ಸರದಿಯಲ್ಲಿ ನೀರು ಇಂಗುವುದು ಕಣ್ಣಿಗೇ ಕಂಡಿತು. ಕಿರಿಕಿರಿ ಇಲ್ಲ ಅಂತಲ್ಲ. ನಯವಾದ ಪುಡಿಯೇ ಬೇಕು, ಕಲಕುತ್ತಲೇ ಇರಬೇಕು, ಇಲ್ಲದಿದ್ದರೆ ತೊಟ್ಟಿಯ ತಳದಲ್ಲಿ ಕೂರುತ್ತದೆ. ಡ್ರಿಪ್ ಇದ್ದವರಿಗೆ ತೂತು ಕಟ್ಟುವ ಭಯ ಬೇರೆ. ಬಿಡುಗಡೆಯಾದ ಸೋಡಿಯಂ ಕೆಳಗೆ ಬಸಿದು ಹೋಗಲು ದಾರಿಯೂ ಇರಬೇಕು.

ಕಾಂಪೋಸ್ಟ್ ಮತ್ತು ತರಗೆಲೆ ಹೊದಿಕೆಯ ಮಡಿ ನಡುವಿನದು. ಹನಿಗಳ ಹೊಡೆತ ತಪ್ಪಿತು, ಹಕ್ಕಳೆ ತೆಳುವಾಯಿತು, ಮೊಳಕೆ ಚೆನ್ನಾಗಿ ಬಂತು. ಆದರೆ ನೀರಿನ ಸೋಡಿಯಂ ಹಾಗೇ ಬರುತ್ತಿದೆಯಲ್ಲ, ನಿಧಾನಕ್ಕೆ ಮತ್ತೆ ಬಿಗಿಯಿತು. ಈಗ ಜಿಪ್ಸಂ ಮಡಿಗೂ ಹೊದಿಕೆ ಹಾಕಿದ್ದೇನೆ. ಎರಡೂ ಸೇರಿದ್ದೇ ನನಗೆ ಇಷ್ಟವಾಗಿದ್ದು.

ಗಂಧಕ ನಾನು ಹಾಕಲಿಲ್ಲ. ಅದಕ್ಕೆ ಮಣ್ಣಲ್ಲಿ ಸುಣ್ಣ ಇರಬೇಕು, ಸೂಕ್ಷ್ಮಜೀವಿಗಳು ಗಂಧಕವನ್ನು ಆಮ್ಲ ಮಾಡಿ, ಆ ಆಮ್ಲ ಸುಣ್ಣದಿಂದ ಕ್ಯಾಲ್ಸಿಯಂ ಬಿಡಿಸುವವರೆಗೆ ಕಾಯಬೇಕು.

ಸುಮ್ನೆ ಜಿಪ್ಸಂ ತರಬೇಡಿ. ಒಣ ಹೆಂಟೆಯ ಚೂರೊಂದನ್ನು ಮಳೆನೀರಿನ ಲೋಟಕ್ಕೆ ಬಿಟ್ಟು, ಅಲುಗಿಸದೆ ಕೆಲವು ಗಂಟೆ ಇಡಿ. ಸುತ್ತ ಹಾಲಿನಂಥ ಮಬ್ಬು ಹರಡಿದರೆ ಸೋಡಿಯಂ ಮೇಲೆ ಅನುಮಾನ ಪಡಿ. ಚೂರು ಕುಸಿದರೂ ನೀರು ತಿಳಿಯಾಗೇ ಇದ್ದರೆ ಗೊಬ್ಬರ, ಹೊದಿಕೆಯಿಂದ ಶುರು ಮಾಡಿ.