ಮನೆಗೆ ಬರುವ ಡಿಎನ್‌ಎ ಕಿಟ್: ವರದಿಯಲ್ಲಿ ನನ್ನದೆಷ್ಟು, ಬೆಟ್ಟದ ಕೋತಿಯದ್ದೆಷ್ಟು?

ಐದಕ್ಕೆ ಎರಡೂವರೆ ಸ್ಟಾರ್. ಕಂಪನಿ ಹೆಸರು ಬೇಡ. ನನ್ನ ಭಾವಮೈದ ಬೇರೆ ಕಡೆಯಿಂದ ತರಿಸಿದ್ದ ವರದಿಯನ್ನೂ ನೋಡಿದೆ. ಬಣ್ಣ ಬೇರೆ, ಒಳಗಿರುವುದು ಬಹುತೇಕ ಅದೇ. ಹಾಗಾಗಿ ಇದನ್ನು ಒಂದು ಬ್ರ್ಯಾಂಡಿನ ಮೇಲಿನ ದೂರು ಅಂತ ಓದಬೇಡಿ. ಡಬ್ಬಿ ಕಳಿಸಿ, ಎಂಜಲು ತರಿಸಿಕೊಂಡು, ನಿಮ್ಮ ಜೀನ್ ಹೀಗಿದೆ ಹಾಗಿದೆ ಅಂತ ಮೊಬೈಲಿಗೆ ವರದಿ ಹಾಕುವ ಈ ಸರಕು ಒಟ್ಟಾರೆ ಹೇಗಿದೆ ಅಂತ ಓದಿ.

ಸರ್ವಿಸ್ ಬಗ್ಗೆ ತಕರಾರಿಲ್ಲ. ಕುವೆಂಪುನಗರದ ಮನೆಗೆ ಡಬ್ಬಿ ನೀಟಾಗಿ ಬಂತು. ಟ್ಯೂಬಿಗೆ ಗೆರೆವರೆಗೆ ಉಗುಳಿ, ಮುಚ್ಚಳ ತಿರುಗಿಸಿ, ಅಲುಗಾಡಿಸಿ ಕೊಟ್ಟರೆ ಆಯ್ತು. ಅದಕ್ಕೆ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಬೆಳಗಿನ ಕಾಫಿ ತಡವಾಯಿತು, ಅಷ್ಟೇ ಕಷ್ಟ. ಕೊರಿಯರ್‌ನವರು ಹೇಳಿದ ಹೊತ್ತಿಗೇ ಬಂದರು. ವರದಿಯೂ ಹೇಳಿದ ದಿನಕ್ಕೇ ಬಂತು.

ತಲೆನೋವು ಶುರುವಾಗುವುದು ವರದಿ ತೆರೆದ ಮೇಲೆ. ಮೊದಲ ಪುಟದಲ್ಲೇ ನಗುತ್ತಿರುವ ಚಿಂಪಾಂಜಿಯ ಚಿತ್ರ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಶೇಕಡಾ 98.8 ಹೋಲಿಕೆ ಅಂತ. ಇದನ್ನು ಹೇಳುವುದಕ್ಕೆ ನನ್ನ ಎಂಜಲು ಯಾಕೆ ಬೇಕಿತ್ತು? 2005ರಲ್ಲಿ ಚಿಂಪಾಂಜಿಯ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದಿ ಮನುಷ್ಯನದ್ದರ ಪಕ್ಕ ಇಟ್ಟು ನೋಡಿದಾಗ ಬಂದ ಲೆಕ್ಕ ಅದು. ನನಗೂ ಅದೇ, ಎದುರು ಮನೆಯವರಿಗೂ ಅದೇ. ಅದೂ ಪೂರ್ತಿ ಲೆಕ್ಕ ಅಲ್ಲ, ಸಾಲಿಗೆ ಸಾಲು ಹೊಂದುವ ಕಡೆ ಡಿಎನ್‌ಎಯ ಒಂಟಿ ಅಕ್ಷರಗಳು ಎಷ್ಟು ಬದಲಾಗಿವೆ ಅಂತ ಎಣಿಸಿದ್ದು, ಅಂಥವೇ ಸುಮಾರು 3.5 ಕೋಟಿ ಸಿಕ್ಕವು. ಪೂರ್ತಿ ತುಂಡುಗಳೇ ಸೇರಿರುವ, ಬಿಟ್ಟುಹೋಗಿರುವ ಜಾಗಗಳು ಇದರ ಆಚೆಗಿವೆ. 2025ರಲ್ಲಿ ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಒರಾಂಗುಟಾನ್‌ಗಳ ಜೀನೋಮ್‌ಗಳನ್ನು ತುದಿಯಿಂದ ತುದಿಗೆ ಓದಿ ಪ್ರಕಟಿಸಿದ ಮೇಲಂತೂ, ಒಂದಕ್ಕೊಂದು ಹೊಂದಿಸಿ ನೋಡಲು ಆಗದ ಭಾಗಗಳು ಎಷ್ಟೊಂದಿವೆ ಅಂತ ಚೆನ್ನಾಗಿ ಗೊತ್ತಾಯಿತು. ವರದಿಯಲ್ಲಿ ಇದರ ಸುಳಿವೂ ಇಲ್ಲ.

ನನ್ನ ಮುಖ್ಯ ತಕರಾರು ಇದೇ. ಎಲ್ಲ ಮನುಷ್ಯರಿಗೂ, ಎಷ್ಟೋ ಸಲ ಎಲ್ಲ ಕೋತಿಗಳಿಗೂ ಒಂದೇ ಆಗಿರುವುದನ್ನು ನನ್ನೊಬ್ಬನ ದೋಷ ಅಂತ ತೋರಿಸುತ್ತಾರೆ.

ವಿಟಮಿನ್ ಸಿ ಪುಟ ನೋಡಿ. ನಿಮ್ಮ ದೇಹ ವಿಟಮಿನ್ ಸಿ ತಯಾರಿಸುವುದಿಲ್ಲ ಅಂತ ಕೆಂಪು ಬಣ್ಣದಲ್ಲಿ ಬರೆದು, ಕೆಳಗೆ ಅವರದ್ದೇ ಮಾತ್ರೆ ಕೊಳ್ಳುವ ಬಟನ್ ಇಟ್ಟಿದ್ದಾರೆ. ಸ್ವಾಮಿ, ಯಾರ ದೇಹ ತಯಾರಿಸುತ್ತದೆ? ನಾಯಿ, ಹಸು, ಇಲಿಗಳ ದೇಹದಲ್ಲಿ ಇದನ್ನು ಮಾಡುವ ಜೀನ್ ಇದೆ. ನಮ್ಮಲ್ಲೂ ಇದೆ, ಆದರೆ ಕೆಟ್ಟು ಬಿದ್ದಿದೆ. ಕೆಟ್ಟಿದ್ದು ಸುಮಾರು 6 ಕೋಟಿ ವರ್ಷಗಳ ಹಿಂದೆ, ಕೋತಿಗಳು, ಚಿಂಪಾಂಜಿಯಂಥ ವಾನರರು, ನಾವು ಎಲ್ಲರೂ ಹುಟ್ಟಿಬಂದ ಪೂರ್ವಜರ ಕಾಲದಲ್ಲಿ. ಹಣ್ಣು, ಎಲೆ ತಿಂದೇ ಬೇಕಾದಷ್ಟು ಸಿಗುತ್ತಿದ್ದರಿಂದ ಅದು ಕೆಟ್ಟರೂ ಯಾರಿಗೂ ತೊಂದರೆ ಆಗಲಿಲ್ಲ ಅಂತ ವಿಜ್ಞಾನಿಗಳ ಊಹೆ. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ನಿಮ್ಮ ಕೈಚೀಲಕ್ಕೆ ಕೈ ಹಾಕುವ ಕೋತಿಗೂ ವಿಟಮಿನ್ ಸಿ ಮಾಡಲು ಬರುವುದಿಲ್ಲ. ತಮಾಷೆ ಅಂದರೆ, ತುಮಕೂರು ಕಡೆಯ ಕುರುಚಲು ಕಾಡಿನಲ್ಲಿ ರಾತ್ರಿ ಓಡಾಡುವ ಕಾಡುಪಾಪ ಮತ್ತು ಮಡಗಾಸ್ಕರದ ಲೀಮರ್ ಸೇರುವ ಗುಂಪು ಇದಕ್ಕೂ ಮುಂಚೆಯೇ ಬೇರೆ ಕವಲಾಯಿತು. ಆ ಗುಂಪಿನಲ್ಲಿ ಜೀನ್ ಇನ್ನೂ ಕೆಲಸ ಮಾಡುತ್ತದೆ. ಇಷ್ಟು ಒಳ್ಳೆಯ ಕತೆ ಕೈಯಲ್ಲಿಟ್ಟುಕೊಂಡು ಮಾತ್ರೆ ಮಾರುತ್ತಾರಲ್ಲ! ದೇವರಾಜ ಮಾರ್ಕೆಟ್ಟಿನಲ್ಲಿ ನೆಲ್ಲಿಕಾಯಿ ತಗೊಳ್ಳಿ, ಸಾಕು.

ಯೂರಿಕ್ ಆಸಿಡ್ ಪುಟ ಸ್ವಲ್ಪ ಪರವಾಗಿಲ್ಲ. ನಮ್ಮ ಮಾವನಿಗೆ ಗೌಟ್ ಇದೆ, ಅಂದರೆ ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲು ಊದುವ ಕಾಯಿಲೆ; ಹೆಬ್ಬೆರಳು ಊದಿಕೊಂಡರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಹಾಗಾಗಿ ಹೆಂಡತಿಯ ವರದಿಯಲ್ಲಿ ಇದನ್ನೇ ಮೊದಲು ನೋಡಿದೆವು. ಯೂರಿಕ್ ಆಸಿಡ್ಡನ್ನು ಒಡೆಯುವ ಯೂರಿಕೇಸ್ ಅನ್ನುವ ಕಿಣ್ವ ಬೇರೆ ಎಷ್ಟೋ ಪ್ರಾಣಿಗಳಲ್ಲಿದೆ. ಬೆಟ್ಟದ ಕೋತಿಗೂ ಇದೆ. ಮನುಷ್ಯ, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ ಇಲ್ಲ, ನಾಲ್ವರ ಜೀನೂ ಒಂದೇ ಜಾಗದಲ್ಲಿ ತುಂಡಾಗಿದೆ. ಗಿಬ್ಬನ್‌ನಲ್ಲಿ ಅದು ಬೇರೆಯಾಗಿ ಕೆಟ್ಟಿತು. ಅಂದರೆ ಮೈಸೂರು ಮೃಗಾಲಯದಲ್ಲಿ ಗೊರಿಲ್ಲಾ ಮುಂದೆ ನಿಂತ ಮಾವನವರೂ ಒಳಗಿರುವ ಗೊರಿಲ್ಲಾವೂ ಈ ವಿಷಯದಲ್ಲಿ ಒಂದೇ ಪಾರ್ಟಿ. ಇದನ್ನು ವರದಿ ಹೇಳುವುದಿಲ್ಲ. ಆದರೆ ಯೂರಿಕ್ ಆಸಿಡ್ಡನ್ನು ಹೊರಗೆ ಸಾಗಿಸುವ ಇನ್ನೊಂದು ಜೀನಿನಲ್ಲಿ ಮನುಷ್ಯರ ನಡುವೆ ನಿಜವಾಗಿ ವ್ಯತ್ಯಾಸ ಇದೆ, ಅದು ಗೌಟಿಗೆ ಸಂಬಂಧಿಸಿದ್ದು ಅಂತ ಚೆನ್ನಾಗಿ ಸಾಬೀತಾಗಿದೆ. ಅದನ್ನು ಸರಿಯಾಗಿ ನೋಡಿದ್ದಾರೆ. ಅರ್ಧ ಸ್ಟಾರ್ ಅದಕ್ಕೇ.

ಈಗ ಅನ್ನದ ವಿಷಯ. ನನ್ನ ಪಿಷ್ಟ ಅರಗಿಸುವ ಶಕ್ತಿ ಕಡಿಮೆಯಂತೆ. ಕಿಟ್ಟಿಗೆ ಕೊಟ್ಟ ದುಡ್ಡಿನಲ್ಲೇ ಸಿಗುವ ಫೋನ್ ಕೌನ್ಸೆಲಿಂಗ್‌ನಲ್ಲಿ ಒಬ್ಬ ಮೇಡಂ, "ಸರ್, ನಿಮ್ಮ ಜೀನಿಗೆ ಅನ್ನ ಆಗಿಬರಲ್ಲ, ಮಿಲೆಟ್‌ಗೆ ಬದಲಾಯಿಸಿ" ಅಂದರು. "ರಾಗಿಯಲ್ಲೂ ಪಿಷ್ಟವೇ ಇರೋದು ಅಲ್ವಾ ಮೇಡಂ?" ಅಂದೆ. "ಅದು ಬೇರೆ ಥರ ಸರ್" ಅಂದು ಮುಂದಿನ ಪುಟಕ್ಕೆ ಹೋದರು. ಸ್ಪೀಕರ್‌ನಲ್ಲಿ ಕೇಳಿಸಿಕೊಳ್ಳುತ್ತಿದ್ದ ಅಮ್ಮ ಮದ್ದೂರಿನವರು. ಎರಡು ಹೊತ್ತು ಮುದ್ದೆ, ಒಂದು ಹೊತ್ತು ಅನ್ನ ತಿಂದು ಬೆಳೆದ ವಂಶಕ್ಕೆ ಇದೇನು ಹೊಸ ಕಾಯಿಲೆ ಅಂತ ಎದ್ದು ಹೋದರು.

ಅಮ್ಮನ ಮಾತಿನಲ್ಲಿ ಹುರುಳಿದೆ. ಎಂಜಲಿನ ಅಮೈಲೇಸ್ ಅನ್ನುವ ಕಿಣ್ವ ಬಾಯಲ್ಲೇ ಪಿಷ್ಟವನ್ನು ಒಡೆಯಲು ಶುರು ಮಾಡುತ್ತದೆ. ಅದರ ಜೀನ್ ಚಿಂಪಾಂಜಿಯಲ್ಲಿ ತಂದೆ ಕಡೆಯದೊಂದು, ತಾಯಿ ಕಡೆಯದೊಂದು, ಒಟ್ಟು ಎರಡೇ ಪ್ರತಿ. ಮನುಷ್ಯರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ, ಕೆಲವರಿಗೆ ಹತ್ತಕ್ಕಿಂತ ಜಾಸ್ತಿ. ಪಿಷ್ಟ ಹೆಚ್ಚು ತಿನ್ನುತ್ತ ಬಂದ ಜನರಲ್ಲಿ ಸರಾಸರಿ ಪ್ರತಿಗಳು ಹೆಚ್ಚು ಅಂತ 2007ರ ಅಧ್ಯಯನ ತೋರಿಸಿತು. ಈ ಪ್ರತಿಗಳು ಹೆಚ್ಚಲು ಶುರುವಾಗಿದ್ದು ಬೇಸಾಯಕ್ಕಿಂತ ಎಷ್ಟೋ ಲಕ್ಷ ವರ್ಷ ಮೊದಲೇ ಇರಬಹುದು ಅಂತ 2024ರಲ್ಲಿ ಇನ್ನೊಂದು ಅಧ್ಯಯನ ಬಂತು. ಬೆಟ್ಟದ ಕೋತಿ ಕಡಲೆಕಾಯಿ, ಬಾಳೆಹಣ್ಣು ಕಸಿದು ಕೆನ್ನೆ ಚೀಲಕ್ಕೆ ತುರುಕಿಕೊಳ್ಳುತ್ತಲ್ಲ, ಆ ಗುಂಪಿನ ಕೋತಿಗಳ ಎಂಜಲಲ್ಲೂ ಅಮೈಲೇಸ್ ಜಾಸ್ತಿ. ಇಲ್ಲಿ ಮುಖ್ಯವಾದದ್ದು ಪ್ರತಿ ಎಷ್ಟಿದೆ ಅನ್ನುವುದು. ಇವರು ಡಿಎನ್‌ಎ ಓದಲು ಬಳಸುವ ಅಗ್ಗದ ಚಿಪ್ ಅಲ್ಲೊಂದು ಇಲ್ಲೊಂದು ಅಕ್ಷರ ನೋಡುತ್ತದೆ, ಪ್ರತಿ ಎಣಿಸುವ ಕೆಲಸಕ್ಕೆ ಅದು ಲಾಯಕ್ಕಲ್ಲ. ಪುಸ್ತಕದ ಒಂದು ಪುಟದ ಕಾಗುಣಿತ ತಿದ್ದಿ, ಅಂಗಡಿಯಲ್ಲಿ ಎಷ್ಟು ಪ್ರತಿ ಇವೆ ಅಂತ ಹೇಳಿದ ಹಾಗಾಯಿತು. ಅನ್ನ ಬಿಡಿ ಅನ್ನುವ ಸಲಹೆ ಇದರ ಮೇಲೆ ನಿಂತಿದೆ.

ನನಗೆ ನಿಜಕ್ಕೂ ಖುಷಿ ಕೊಟ್ಟದ್ದು ಕಹಿ ರುಚಿಯ ಪುಟ. ಪಿಟಿಸಿ ಅನ್ನುವ ರಾಸಾಯನಿಕ ಕೆಲವರಿಗೆ ವಿಪರೀತ ಕಹಿ, ಕೆಲವರಿಗೆ ಸಪ್ಪೆ. ನನಗೆ ಸಪ್ಪೆಯಂತೆ, ಹೆಂಡತಿಗೆ ಕಹಿಯಂತೆ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವರು ಆ ಕಾಗದದ ಚೂರು ನೆಕ್ಕಿರುತ್ತೀರಿ. 1939ರಲ್ಲಿ ಫಿಶರ್, ಫೋರ್ಡ್, ಹಕ್ಸ್ಲಿ ಅನ್ನುವ ಮೂವರು ವಿಜ್ಞಾನಿಗಳು ಸೇರಿ ಇದನ್ನು ಚಿಂಪಾಂಜಿಗಳಿಗೂ ಕುಡಿಸಿ ನೋಡಿದರು. ಅವುಗಳಲ್ಲೂ ಕಹಿ ಗೊತ್ತಾಗುವವು, ಗೊತ್ತಾಗದವು ಎರಡೂ ಇದ್ದವು. ಅಂದಮೇಲೆ ಈ ವ್ಯತ್ಯಾಸ ಇಬ್ಬರ ಪೂರ್ವಜರ ಕಾಲದಿಂದಲೂ ಉಳಿದು ಬಂದಿರಬೇಕು ಅಂದುಕೊಂಡರು. ಬಹಳ ವರ್ಷ ಅದೇ ನಂಬಿಕೆ. 2006ರಲ್ಲಿ ಜೀನನ್ನೇ ಓದಿ ನೋಡಿದರೆ ಕತೆ ಬೇರೆ: ನಮ್ಮಲ್ಲಿ ಜೀನಿನ ಒಳಗೆ ಮೂರು ಕಡೆ ಬದಲಾವಣೆ, ಚಿಂಪಾಂಜಿಯಲ್ಲಿ ಜೀನ್ ಓದಲು ಶುರು ಮಾಡುವ ಜಾಗವೇ ಕೆಟ್ಟಿದೆ. ಇಬ್ಬರೂ ತಮ್ಮ ಪಾಡಿಗೆ ತಾವು ಕಹಿ ಮರೆತವರು. ಆದರೆ ಇದೇ ಪುಟದಲ್ಲಿ ನಿಮಗೆ ಹಾಗಲಕಾಯಿ ಇಷ್ಟವಾಗುತ್ತದೆ ಅಂತ ಬರೆದಿದ್ದಾರೆ. ಈ ಜೀನ್ ಹಿಡಿಯುವುದು ಎಲೆಕೋಸು, ಸಾಸಿವೆ ಜಾತಿಯ ಕಹಿಯನ್ನು. ಹಾಗಲಕಾಯಿಯ ಕಹಿ ಬೇರೆ. ಅಂದಹಾಗೆ ಹಾಗಲಕಾಯಿ ಗೊಜ್ಜು ಕಂಡರೆ ನನಗಾಗುವುದಿಲ್ಲ, ಹೆಂಡತಿಗೆ ಪ್ರಾಣ.

ಹಾಲು ಅರಗುತ್ತದೋ ಇಲ್ಲವೋ ಅನ್ನುವ ಪುಟ ಸರಿಯಾಗಿದೆ, ವಿವರಣೆ ಮಾತ್ರ ಸಾಲದು. ಕೂದಲು, ನಿದ್ದೆ, ನಾಯಕತ್ವದ ಗುಣ ಇವೆಲ್ಲ ಸುಮ್ನೆ ಪುಟ ತುಂಬಿಸಲು.

ಯಾರು ತಗೊಳ್ಳಬಹುದು? ಕುತೂಹಲ ಇದ್ದು, ಏಳೆಂಟು ಸಾವಿರ ಹೋದರೂ ಬೇಜಾರಿಲ್ಲ ಅನ್ನುವವರು, ಅದೂ ಆಫರ್ ಬಂದಾಗ. ಮನೆಯಲ್ಲಿ ಕ್ಯಾನ್ಸರ್ ಅಥವಾ ಹೃದಯದ ಕಾಯಿಲೆ ಬಂದವರಿದ್ದು ಅದಕ್ಕಾಗಿ ನೋಡುತ್ತಿದ್ದರೆ ಇದು ಬೇಡವೇ ಬೇಡ, ಡಾಕ್ಟರ್ ಹತ್ತಿರ ಹೋಗಿ ಅವರು ಬರೆದುಕೊಟ್ಟ ಟೆಸ್ಟ್ ಮಾಡಿಸಿ. ತಗೊಂಡರೆ ಮಾತ್ರ ಎರಡು ಕೆಲಸ ಮರೆಯಬೇಡಿ: ಕಚ್ಚಾ ಡೇಟಾ ಫೈಲನ್ನು ಇಳಿಸಿಟ್ಟುಕೊಳ್ಳಿ, ಆಮೇಲೆ ಸೆಟ್ಟಿಂಗ್ಸ್ ಒಳಗೆ ಹೋಗಿ "ಸಂಶೋಧನೆಗೆ ಒಪ್ಪಿಗೆ" ಅಂತ ಮೊದಲೇ ಹಾಕಿಟ್ಟಿರುವ ಟಿಕ್ ತೆಗೆಯಿರಿ. ಎಂಜಲಿನ ಸ್ಯಾಂಪಲ್ ನಾಶ ಮಾಡಿ ಅಂತ ನಾನು ಕಳಿಸಿದ ಮೇಲ್‌ಗೆ ಇನ್ನೂ ಉತ್ತರ ಬಂದಿಲ್ಲ, ವಿಟಮಿನ್ ಮಾತ್ರೆಯ ಡಿಸ್ಕೌಂಟ್ ಕೂಪನ್ ಮಾತ್ರ ಬರುತ್ತಲೇ ಇದೆ.