ಲ್ಯಾಬ್ ಇಮೇಜಿಂಗ್‌ಗೆ ಯಾವ ಐಪಿಎಕ್ಸ್‌ಇ? ಹಳೆಯದು, ಹೊಸದು, ನಾವೇ ಕಂಪೈಲ್ ಮಾಡಿದ್ದು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಫಾಗ್ ಅಂದರೆ ಒಂದು ಸರ್ವರ್‌ನಿಂದ ಎಲ್ಲ ಮೆಷಿನ್‌ಗೂ ಇಮೇಜ್ (ಸಿದ್ಧ ಮಾಡಿಟ್ಟ ಡಿಸ್ಕ್‌ನ ಪೂರ್ತಿ ನಕಲು) ಹಾಕುವ ಸಾಫ್ಟ್‌ವೇರ್; ಐಪಿಎಕ್ಸ್‌ಇ ಅಂದರೆ ಅದಕ್ಕಾಗಿ ಮೆಷಿನ್‌ನ್ನು ನೆಟ್‌ವರ್ಕ್‌ನಿಂದ ಬೂಟ್ ಮಾಡಿಸುವ ಸಣ್ಣ ಪ್ರೋಗ್ರಾಂ. ಫಾಗ್ ಸರ್ವರ್‌ನಿಂದ ನೆಟ್‌ವರ್ಕ್ ಬೂಟ್ ಆಗದ ಮೆಷಿನ್ ಸಿಕ್ಕರೆ, ಐಪಿಎಕ್ಸ್‌ಇ ವರ್ಷನ್ ಬದಲಿಸುವುದು ನಾನು ಕೊನೆಗೆ ಮಾಡುವ ಕೆಲಸ. ಮೊದಲು ಬದಲಿಸುವುದು ಫೈಲ್. ಅಂದರೆ ವರ್ಷನ್ ಅದೇ ಇರಲಿ, ಬೇರೆ ಡ್ರೈವರ್ ಬಳಸುವ ಫೈಲ್ ಕೊಟ್ಟು ನೋಡುವುದು. ಹೆಚ್ಚಿನ ತೊಂದರೆ ಅಲ್ಲೇ ಮುಗಿಯುತ್ತದೆ.

ನಾನು ನೋಡಿಕೊಳ್ಳುವುದು ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ಗಳನ್ನು. ವಿಟಿಯು ಪ್ರಾಕ್ಟಿಕಲ್ ಶುರುವಾಗುವ ಮುಂಚೆ ಎಲ್ಲ ಸಿಸ್ಟಂಗೂ ಹೊಸದಾಗಿ ಇಮೇಜ್ ಹಾಕಬೇಕು. ಒಂದೊಂದು ವರ್ಷ ಒಂದೊಂದು ಟೆಂಡರ್, ಹಾಗಾಗಿ ಲ್ಯಾಬ್‌ಗೊಂದು ಜಾತಿಯ ಮೆಷಿನ್. ಒಂದು ಕಡೆ ಹಳೆಯ ಬಯೋಸ್ ಡೆಸ್ಕ್‌ಟಾಪ್. ಇನ್ನೊಂದು ಕಡೆ ಯುಇಎಫ್‌ಐ (ಬಯೋಸ್‌ನ ಜಾಗಕ್ಕೆ ಬಂದ ಹೊಸ ಫರ್ಮ್‌ವೇರ್) ಇರುವ ಮಾಮೂಲಿ ಗಿಗಾಬಿಟ್ ಮೆಷಿನ್. ಆಮೇಲೆ 2.5 ಗಿಗಾಬಿಟ್ ಪೋರ್ಟ್ ಇರುವ ಹೊಸವು. ಕೊನೆಗೆ ಲ್ಯಾನ್ ಪೋರ್ಟೇ ಇಲ್ಲದ ಲ್ಯಾಪ್‌ಟಾಪ್‌ಗಳು. ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಫಾಗ್ ಉಚಿತ ಸಾಫ್ಟ್‌ವೇರ್, 2007 ರಿಂದ ಇದೆ. ಅದರಿಂದ ಒಂದು ಮೆಷಿನ್ ಬೂಟ್ ಆಗುವಾಗ ನೆಟ್‌ವರ್ಕ್ ಕಾರ್ಡ್ ಮೂರು ಡ್ರೈವರ್‌ಗಳ ಕೈಗೆ ಹೋಗುತ್ತದೆ. ಮೊದಲು ಮದರ್‌ಬೋರ್ಡ್‌ನ ಫರ್ಮ್‌ವೇರ್ (ಬಯೋಸ್ ಅಥವಾ ಯುಇಎಫ್‌ಐ): ಅದು ಐಪಿ ತಗೊಂಡು, ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆ ವಿಧಾನದಲ್ಲಿ ಒಂದು ಸಣ್ಣ ಫೈಲ್ ಇಳಿಸುತ್ತದೆ. ಆ ಫೈಲೇ ಐಪಿಎಕ್ಸ್‌ಇ. ಅದು ಮತ್ತೆ ಹೊಸದಾಗಿ ಐಪಿ ಕೇಳಿ, ಡಿಫಾಲ್ಟ್.ಐಪಿಎಕ್ಸ್‌ಇ ಎಂಬ ಸ್ಕ್ರಿಪ್ಟ್ ಓದಿ, ಎಚ್‌ಟಿಟಿಪಿ ಮೂಲಕ ಫಾಗ್ ಮೆನು ತರುತ್ತದೆ. ಮೆನುವಿನಲ್ಲಿ ಕೆಲಸ ಆರಿಸಿದ ಮೇಲೆ ಲಿನಕ್ಸ್ ಕರ್ನಲ್ ಬರುತ್ತದೆ. ಅದರ ಡ್ರೈವರ್ ಬೇರೆಯೇ. ಈ ಮೂರರಲ್ಲಿ ಯಾರ ಕೈಯಲ್ಲಿ ಕೆಟ್ಟಿತು ಅಂತ ಗೊತ್ತಾಗದೆ ಫೈಲ್ ಬದಲಿಸುತ್ತಾ ಕೂತರೆ ಇಡೀ ದಿನ ಹೋಗುತ್ತದೆ.

ಲ್ಯಾಬ್‌ನಿಂದ ಫೋನ್ ಬರುವುದು ಹೀಗೆ: "ಸರ್, ಐಪಿ ತಗೊಳ್ತು, ಆಮೇಲೆ ಏನೂ ಬರ್ತಿಲ್ಲ." ನಾನು ಕೇಳುವುದು ಒಂದೇ: "ಸ್ಕ್ರೀನ್‌ನಲ್ಲಿ ಕೊನೆಯ ಸಾಲು ಓದಿ ಹೇಳಿ ಮೇಡಂ."

ಪಿಎಕ್ಸ್‌ಇ ಅಂದರೆ ಫರ್ಮ್‌ವೇರ್‌ನದೇ ನೆಟ್‌ವರ್ಕ್ ಬೂಟ್ ಭಾಗ. ಕೊನೆಯ ಸಾಲಿನಲ್ಲಿ ಪಿಎಕ್ಸ್‌ಇ-ಇ53 ಇದ್ದರೆ ಫೈಲ್ ಹೆಸರೇ ಸಿಕ್ಕಿಲ್ಲ, ಡಿಎಚ್‌ಸಿಪಿ (ಮೆಷಿನ್‌ಗೆ ಐಪಿಯನ್ನೂ ಬೂಟ್ ಫೈಲ್ ಹೆಸರನ್ನೂ ಕೊಡುವ ಸೇವೆ) ನೋಡಬೇಕು. ಇ32 ಇದ್ದರೆ ಟಿಎಫ್‌ಟಿಪಿ ಸರ್ವರ್ ಉತ್ತರ ಕೊಡುತ್ತಿಲ್ಲ, ಫೈರ್‌ವಾಲ್ ನೋಡಬೇಕು. ಐಪಿಎಕ್ಸ್‌ಇ ಇನ್ನೂ ರಂಗಕ್ಕೇ ಬಂದಿಲ್ಲ. "ಐಪಿಎಕ್ಸ್‌ಇ ಇನಿಷಿಯಲೈಸಿಂಗ್ ಡಿವೈಸಸ್" ಅಂತ ಬಂದು, ಮುಂದಿನ "ಓಕೆ" ಬರದೆ ನಿಂತರೆ ಮಾತ್ರ ಇಲ್ಲಿ ಹೇಳುವ ಹೋಲಿಕೆ ಉಪಯೋಗಕ್ಕೆ ಬರುತ್ತದೆ. "ಡಿಎಚ್‌ಸಿಪಿ ಫೇಲ್ಡ್, ಶೆಲ್‌ಗೆ ಎಸ್ ಒತ್ತಿ" ಅಂತ ಬಂದರೂ ಅಷ್ಟೇ.

ಬಯೋಸ್ ಮೆಷಿನ್‌ಗಳದ್ದು ಬೇಗ ಮುಗಿಸುತ್ತೇನೆ. ಅಲ್ಲಿ ಅಂಡಿಓನ್ಲಿ.ಕೆಪಿಎಕ್ಸ್‌ಇ ಹಾಕಿ, ಮರೆತುಬಿಡಿ. ಅದು ಕಾರ್ಡ್‌ನ ರೋಮ್‌ನಲ್ಲಿರುವ ಅಂಡಿ ಡ್ರೈವರ್‌ನ್ನೇ ಬಳಸುತ್ತದೆ. ಹೆಸರಿನ ಕೊನೆಯಲ್ಲಿ ಎರಡು 'ಕೆ' ಇರುವ ಕೆಕೆಪಿಎಕ್ಸ್‌ಇ ಎಂಬ ತಮ್ಮನೂ ಇದೆ. ಮೊದಲನೆಯದು ಅಂಡಿ ಮಾತ್ರ ಉಳಿಸಿಕೊಂಡು ರೋಮ್‌ನ ಉಳಿದ ಪಿಎಕ್ಸ್‌ಇ ಭಾಗ ಇಳಿಸಿಬಿಡುತ್ತದೆ, ಎರಡನೆಯದು ಎರಡನ್ನೂ ಉಳಿಸಿಕೊಳ್ಳುತ್ತದೆ. ಕೆಪಿಎಕ್ಸ್‌ಇ ಹಾಕಿದಾಗ ನಿಂತುಬಿಡುವ ಹಳೆಯ ಬೋರ್ಡ್‌ಗೆ ಕೆಕೆಪಿಎಕ್ಸ್‌ಇ ಕೊಟ್ಟು ನೋಡಬಹುದು. ಹಳೆಯ ವರ್ಷನ್, ಹೊಸ ವರ್ಷನ್ ಎರಡನ್ನೂ ಹಾಕಿ ನೋಡಿದೆ. ಈ ಡೆಸ್ಕ್‌ಟಾಪ್‌ಗಳಲ್ಲಿ ಒಂದು ಕೂದಲಷ್ಟೂ ವ್ಯತ್ಯಾಸ ಕಾಣಲಿಲ್ಲ.

ನಿಜವಾದ ಜಗಳ ಯುಇಎಫ್‌ಐಯಲ್ಲಿ. ಇಲ್ಲಿ ಇಬ್ಬರು ಪೈಲ್ವಾನರು: ಐಪಿಎಕ್ಸ್‌ಇ.ಇಎಫ್‌ಐ ಮತ್ತು ಎಸ್‌ಎನ್‌ಪಿಓನ್ಲಿ.ಇಎಫ್‌ಐ.

ಐಪಿಎಕ್ಸ್‌ಇ.ಇಎಫ್‌ಐ ತನ್ನದೇ ಡ್ರೈವರ್‌ಗಳ ದೊಡ್ಡ ಮೂಟೆ ಹೊತ್ತು ಬರುತ್ತದೆ, ಸುಮಾರು ಒಂದು ಎಂಬಿ. ಕಾರ್ಡ್‌ನ ಪಿಸಿಐ ಐಡಿ (ಚಿಪ್‌ನ ಮಾಡೆಲ್ ಗುರುತು) ನೋಡಿ, ತನ್ನ ಪಟ್ಟಿಯಲ್ಲಿ ಇದ್ದರೆ ಫರ್ಮ್‌ವೇರ್‌ನ ಡ್ರೈವರ್ ಬಿಡಿಸಿ ತಾನೇ ಕಾರ್ಡ್ ಓಡಿಸುತ್ತದೆ. ಎಸ್‌ಎನ್‌ಪಿಓನ್ಲಿ ಹಾಗಲ್ಲ. ಎಸ್‌ಎನ್‌ಪಿ ಅಂದರೆ ಫರ್ಮ್‌ವೇರ್ ತನ್ನ ನೆಟ್‌ವರ್ಕ್ ಡ್ರೈವರ್‌ನ್ನು ಬೇರೆಯವರು ಬಳಸಲು ತೆರೆದಿಟ್ಟ ಬಾಗಿಲು. ಫರ್ಮ್‌ವೇರ್ ಆಗಲೇ ಎಬ್ಬಿಸಿಟ್ಟ ಡ್ರೈವರ್‌ನ್ನೇ ಬಳಸುತ್ತದೆ. ಅದೂ ತಾನು ಯಾವ ಕಾರ್ಡ್‌ನಿಂದ ಇಳಿದು ಬಂತೋ ಆ ಕಾರ್ಡ್‌ನದ್ದು ಮಾತ್ರ. ಎಸ್‌ಎನ್‌ಪಿ.ಇಎಫ್‌ಐ ಅಂತ ಮೂರನೆಯದೂ ಇದೆ, ಅದು ಫರ್ಮ್‌ವೇರ್ ತೋರಿಸುವ ಎಲ್ಲ ಕಾರ್ಡ್‌ಗಳನ್ನೂ ಮುಟ್ಟುತ್ತದೆ.

ಮಾಮೂಲಿ ಗಿಗಾಬಿಟ್ ಮೆಷಿನ್‌ಗಳಲ್ಲಿ ಇಬ್ಬರೂ ಸಮ. 2.5 ಗಿಗಾಬಿಟ್ ಬಂದಾಗ ಬಣ್ಣ ಬಯಲಾಯಿತು. ಹಳೆಯ ಐಪಿಎಕ್ಸ್‌ಇ.ಇಎಫ್‌ಐ ಕಾರ್ಡ್ ಇದೆ ಅಂತಲೇ ಗುರುತಿಸಲಿಲ್ಲ. ಐಪಿಎಕ್ಸ್‌ಇ ಶೆಲ್‌ಗೆ (ಕಮಾಂಡ್ ಬರೆಯುವ ಜಾಗ) ಹೋಗಿ, ಕಾರ್ಡ್‌ಗಳನ್ನು ಪಟ್ಟಿ ಮಾಡುವ ಇಫ್‌ಸ್ಟ್ಯಾಟ್ ಕೊಟ್ಟರೆ ಖಾಲಿ ಸ್ಕ್ರೀನ್, ನೆಟ್0 (ಮೊದಲ ಕಾರ್ಡ್) ಇಲ್ಲವೇ ಇಲ್ಲ. ಆ ಚಿಪ್ ಬರುವ ಮೊದಲೇ ಕಟ್ಟಿದ ಫೈಲ್‌ಗೆ ಅದರ ಐಡಿ ಎಲ್ಲಿಂದ ಗೊತ್ತಾಗಬೇಕು? ಹೊಸ ಐಪಿಎಕ್ಸ್‌ಇ.ಇಎಫ್‌ಐ ಹಾಕಿದೆ, ಕೆಲಸ ಮಾಡಿತು. ಇಲ್ಲಿಗೇ ನಿಲ್ಲಿಸಿದರೆ "ವರ್ಷನ್ ಅಪ್‌ಡೇಟ್ ಮಾಡಿ, ಎಲ್ಲ ಸರಿಹೋಗುತ್ತೆ" ಅನ್ನಬಹುದು. ಆದರೆ ಹಳೆಯ ವರ್ಷನ್‌ನ ಎಸ್‌ಎನ್‌ಪಿಓನ್ಲಿ ಹಾಕಿ ನೋಡಿದೆ. ಅದೂ ಸಲೀಸಾಗಿ ಹೋಯಿತು. ಚಿಪ್ ಹೊಸದಾದರೂ ಅದರ ಡ್ರೈವರ್ ಬೋರ್ಡ್‌ನಲ್ಲೇ ಇದೆಯಲ್ಲ, ಐಪಿಎಕ್ಸ್‌ಇ ಅದನ್ನು ಕೇಳಿ ಪಡೆದರೆ ಸಾಕು.

ಇನ್ನೊಂದು ಬ್ಯಾಚ್‌ನ ಬೋರ್ಡ್ "ಇನಿಷಿಯಲೈಸಿಂಗ್ ಡಿವೈಸಸ್" ಹತ್ತಿರ ಬಂದು ಕಲ್ಲಾಗಿ ನಿಲ್ಲುತ್ತಿತ್ತು. ಹಳೆಯದು, ಹೊಸದು ಯಾವ ಐಪಿಎಕ್ಸ್‌ಇ.ಇಎಫ್‌ಐ ಕೊಟ್ಟರೂ ಅದೇ ಕತೆ. ಎಸ್‌ಎನ್‌ಪಿಓನ್ಲಿ ಕೊಟ್ಟ ಕೂಡಲೇ ಮೆನು ಬಂತು. ಇಲ್ಲಿ ವರ್ಷನ್ ನಂಬರ್‌ಗೆ ಯಾವ ಬೆಲೆಯೂ ಇರಲಿಲ್ಲ.

ಎಸ್‌ಎನ್‌ಪಿಓನ್ಲಿ ಸೋತ ಜಾಗವೂ ಇದೆ. ಒಂದು ಮಾಡೆಲ್‌ನಲ್ಲಿ ಮೆನು ಬಂತು, ಆದರೆ ಕರ್ನಲ್ ಇಳಿಯುವುದು ಮಾತ್ರ ಆಮೆ ನಡಿಗೆ. ಶೇಕಡಾ ಲೆಕ್ಕ ಒಂದೊಂದೇ ಏರುತ್ತಿತ್ತು, ಅಷ್ಟರಲ್ಲಿ ಒಂದು ಟೀ ಕುಡಿದು ಬರಬಹುದಿತ್ತು. ಅದರ ಫರ್ಮ್‌ವೇರ್ ಡ್ರೈವರೇ ಸೋಮಾರಿ. ಐಪಿಎಕ್ಸ್‌ಇ.ಇಎಫ್‌ಐ ಕೊಟ್ಟಾಗ ಅದೇ ಮೆಷಿನ್, ಅದೇ ಕೇಬಲ್, ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಆಮೇಲೆ ಆ ಬೋರ್ಡ್‌ನ ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಎಸ್‌ಎನ್‌ಪಿಓನ್ಲಿಯೂ ಸರಿಯಾಯಿತು. ಫರ್ಮ್‌ವೇರ್ ಮೇಲೆ ನಂಬಿಕೆ ಇಟ್ಟರೆ ಅದರ ಹುಳುಕನ್ನೂ ಹೊರಬೇಕು.

ವರ್ಷನ್ ನಂಬರ್ ಬಗ್ಗೆ ಒಂದು ಮಾತು. ಐಪಿಎಕ್ಸ್‌ಇ ವರ್ಷಗಟ್ಟಲೆ 1.0.0+ ಅಂತಲೇ ತೋರಿಸುತ್ತಿತ್ತು. 2020 ರ ಜನವರಿಯಲ್ಲಿ 1.20.1 ಬಂತು, ಅದೇ ವರ್ಷದ ಡಿಸೆಂಬರ್ ಕೊನೆಗೆ 1.21.1. ಆಮೇಲೂ ಕೋಡ್ ಬದಲಾಗುತ್ತಲೇ ಹೋಯಿತು, ಬ್ಯಾನರ್ (ಶುರುವಿನಲ್ಲಿ ಸ್ಕ್ರೀನ್ ಮೇಲೆ ಬರುವ ಹೆಸರಿನ ಸಾಲು) ಮಾತ್ರ ಬಹಳ ಕಾಲ 1.21.1+ ಅಂತಲೇ ಉಳಿಯಿತು. ಹಾಗಾಗಿ ಎರಡು ಮೆಷಿನ್‌ನಲ್ಲಿ 1.21.1+ ಕಂಡರೆ ಎರಡೂ ಒಂದೇ ಅಂತ ತಿಳಿಯಬೇಡಿ. ನೋಡಬೇಕಾದ್ದು ಪಕ್ಕದ ಬ್ರಾಕೆಟ್‌ನಲ್ಲಿ 'ಜಿ' ಅಕ್ಷರದಿಂದ ಶುರುವಾಗುವ ಗಿಟ್ ಕಮಿಟ್ ಗುರುತು, ಅಂದರೆ ಯಾವ ಹಂತದ ಕೋಡ್‌ನಿಂದ ಕಟ್ಟಿದ್ದು ಅನ್ನುವ ಗುರುತು. ಅದು ಬೇರೆ ಆದರೆ ಫೈಲ್ ಬೇರೆ.

ಫೈಲ್ ಬದಲಿಸಿದೆ ಅಂತ ನಾವು ಅಂದುಕೊಂಡರೂ, ಮೆಷಿನ್‌ಗೆ ಹೋಗಿದ್ದು ಹಳೆಯದೇ ಆಗಿರಬಹುದು. ಇದಕ್ಕೆ ಯುಇಎಫ್‌ಐ ತಾನೇ ಸಾಕ್ಷಿ ಕೊಡುತ್ತದೆ. ಬೂಟ್ ಆಗುವಾಗ "ಎನ್‌ಬಿಪಿ ಫೈಲ್‌ಸೈಜ್" ಅಂತ ಒಂದು ಸಾಲು ಬಂದು, ಇಳಿಸಿಕೊಂಡ ಬೂಟ್ ಫೈಲ್ ಎಷ್ಟು ಬೈಟ್ ಅಂತ ಹೇಳುತ್ತದೆ. ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಸರ್ವರ್‌ನ ಟಿಎಫ್‌ಟಿಪಿಬೂಟ್ ಫೋಲ್ಡರ್‌ನಲ್ಲಿ ಫೈಲ್ ಪಟ್ಟಿ ತೆಗೆದು, ಆ ಸಂಖ್ಯೆ ಯಾವ ಫೈಲ್‌ನ ಎದುರಿಗಿದೆ ನೋಡಿ. ಅರ್ಧ ನಿಮಿಷದ ಕೆಲಸ. ಡಿಎಚ್‌ಸಿಪಿಯಲ್ಲಿ ಬರೆದ ಹೆಸರು ನಿಜವಾಗಿ ತಲುಪುತ್ತಿದೆಯಾ ಅನ್ನುವ ಅನುಮಾನ ಅಲ್ಲೇ ತೀರುತ್ತದೆ.

ಪರೀಕ್ಷೆ ಮಾಡುವಾಗ ಇನ್ನೊಂದು ಮೋಸ ಇದೆ. ಐಪಿಎಕ್ಸ್‌ಇ ಶೆಲ್‌ನಲ್ಲಿ ಚೈನ್ ಕಮಾಂಡ್ ಕೊಟ್ಟು ಇನ್ನೊಂದು ಫೈಲ್ ಓಡಿಸಬಹುದು, ಸುಲಭ ಅನ್ನಿಸುತ್ತದೆ. ಆದರೆ ಐಪಿಎಕ್ಸ್‌ಇ.ಇಎಫ್‌ಐ ಒಳಗಿಂದ ಎಸ್‌ಎನ್‌ಪಿಓನ್ಲಿ ಓಡಿಸಿದರೆ, ಅದಕ್ಕೆ ಸಿಗುವುದು ಫರ್ಮ್‌ವೇರ್‌ನ ಡ್ರೈವರ್ ಅಲ್ಲ. ಮೊದಲನೆಯ ಐಪಿಎಕ್ಸ್‌ಇ ತನ್ನ ಡ್ರೈವರ್‌ನ್ನೇ ಎಸ್‌ಎನ್‌ಪಿ ವೇಷ ಹಾಕಿಸಿ ಮುಂದೆ ನಿಲ್ಲಿಸಿರುತ್ತದೆ. ಆ ಫಲಿತಾಂಶ ನಂಬುವ ಹಾಗಿಲ್ಲ. ಹೋಲಿಕೆ ಮಾಡಬೇಕೆಂದರೆ ಪ್ರತಿ ಸಲ ಪವರ್ ಆಫ್ ಮಾಡಿ, ನೇರವಾಗಿ ಟಿಎಫ್‌ಟಿಪಿಯಿಂದಲೇ ಆ ಫೈಲ್ ಕೊಡಬೇಕು. ಇಫ್‌ಸ್ಟ್ಯಾಟ್‌ನಲ್ಲಿ "ಯೂಸಿಂಗ್" ಅನ್ನುವ ಪದದ ಮುಂದೆ ಯಾವ ಡ್ರೈವರ್ ಅಂತ ಇರುತ್ತದೆ, ಅದನ್ನೂ ಬರೆದಿಟ್ಟುಕೊಳ್ಳಿ.

ಈಗ ನಾವೇ ಕಂಪೈಲ್ ಮಾಡುವ, ಅಂದರೆ ಸೋರ್ಸ್ ಕೋಡ್‌ನಿಂದ ಫೈಲ್ ಕಟ್ಟಿಕೊಳ್ಳುವ ದಾರಿ. ಇದರ ಬಗ್ಗೆ ಉತ್ಸಾಹ ಜಾಸ್ತಿ ಇರುತ್ತದೆ, ಅಗತ್ಯ ಕಡಿಮೆ. ಐಪಿಎಕ್ಸ್‌ಇ ಸೋರ್ಸ್ ಇಳಿಸಿಕೊಂಡು ಸುಮ್ನೆ ಮೇಕ್ ಕೊಟ್ಟರೆ ಫೈಲ್ ಬರುತ್ತದೆ, ಬೂಟೂ ಆಗುತ್ತದೆ, ಆದರೆ ಫಾಗ್‌ಗೆ ಹೊಂದುವುದಿಲ್ಲ. ಒಳಗೆ ಸ್ಕ್ರಿಪ್ಟ್ ಇಲ್ಲದ ಐಪಿಎಕ್ಸ್‌ಇ ಮತ್ತೆ ಡಿಎಚ್‌ಸಿಪಿ ಕೇಳುತ್ತದೆ. ಡಿಎಚ್‌ಸಿಪಿ ಮತ್ತೆ ಅದೇ ಫೈಲ್‌ನ ಹೆಸರು ಹೇಳುತ್ತದೆ. ಅದು ತನ್ನನ್ನೇ ಮತ್ತೆ ಇಳಿಸಿಕೊಳ್ಳುತ್ತದೆ, ಹೀಗೇ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಫಾಗ್ ಇನ್‌ಸ್ಟಾಲರ್ ಫೋಲ್ಡರ್‌ನ ಯುಟಿಲ್ಸ್ ಒಳಗೆ ಬಿಲ್ಡ್‌ಐಪಿಎಕ್ಸ್‌ಇ ಎಂಬ ಸ್ಕ್ರಿಪ್ಟ್ ಇದೆ. ಫಾಗ್‌ನ ಸ್ಕ್ರಿಪ್ಟ್, ಫಾಗ್‌ನ ಕಾನ್ಫಿಗ್ ಎರಡನ್ನೂ ಸೇರಿಸಿ ಅದೇ ಕಟ್ಟಿಕೊಡುತ್ತದೆ. ಕಂಪೈಲ್ ಮಾಡಲೇಬೇಕು ಅಂದರೆ ಅದನ್ನೇ ಓಡಿಸಿ.

ಕಂಪೈಲ್ ನಿಜವಾಗಿ ಬೇಕಾಗುವ ಒಂದು ಸಂದರ್ಭ ಅಂದರೆ ಎಚ್‌ಟಿಟಿಪಿಎಸ್. ಫಾಗ್ ಸರ್ವರ್‌ನ ಸರ್ಟಿಫಿಕೇಟ್ ಐಪಿಎಕ್ಸ್‌ಇ ಫೈಲ್‌ನ ಒಳಗೇ ಸೇರಿರಬೇಕು. ಸರ್ವರ್ ಬದಲಿಸಿ ಹೊಸ ಸರ್ಟಿಫಿಕೇಟ್ ಮಾಡಿದರೆ, ನಿನ್ನೆವರೆಗೆ ಚೆನ್ನಾಗಿದ್ದ ಫೈಲ್ ಇವತ್ತು "ಪರ್ಮಿಷನ್ ಡಿನೈಡ್" ಅನ್ನುತ್ತದೆ. ಅಲ್ಲಿ ಹಳೆಯ ಬ್ಯಾಕಪ್ ಹಾಕಿದರೂ ಪ್ರಯೋಜನ ಇಲ್ಲ, ಮತ್ತೆ ಕಟ್ಟಲೇಬೇಕು.

ಸ್ವಿಚ್ ತೊಂದರೆಯನ್ನು ಐಪಿಎಕ್ಸ್‌ಇ ತಲೆಗೆ ಕಟ್ಟುವುದೂ ಉಂಟು. ಫರ್ಮ್‌ವೇರ್‌ಗೆ ಐಪಿ ಸಿಕ್ಕಿತು, ಐಪಿಎಕ್ಸ್‌ಇಗೆ ಸಿಗಲಿಲ್ಲ ಅಂದರೆ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ಸ್ವಿಚ್ ಮಾಡುವ ತಪಾಸಣೆ) ನೋಡಿ. ಕಾರ್ಡ್ ಕೈ ಬದಲಾದಾಗ ಲಿಂಕ್ ಒಮ್ಮೆ ಬಿದ್ದು ಏಳುತ್ತದೆ. ಹಳೆಯ ಪದ್ಧತಿಯ ಸ್ಪ್ಯಾನಿಂಗ್ ಟ್ರೀ ಪೋರ್ಟ್ ಬಿಡುವುದಕ್ಕೆ 15 ಮತ್ತು 15, ಒಟ್ಟು 30 ಸೆಕೆಂಡ್ ತಗೊಳ್ಳುತ್ತದೆ. ಅಷ್ಟರಲ್ಲಿ ಐಪಿಎಕ್ಸ್‌ಇ ಕೈಚೆಲ್ಲಿರುತ್ತದೆ. ಗೋಡೆಯ ಕಡೆಯ ಲಿಂಕ್ ಬೀಳದ ಹಾಗೆ, ಮೆಷಿನ್ ಮತ್ತು ಗೋಡೆಯ ಪೋರ್ಟ್ ನಡುವೆ ಐದು ಪೋರ್ಟ್‌ನ ಒಂದು ಅಗ್ಗದ ಸ್ವಿಚ್ ಇಟ್ಟು ನೋಡಿ. ಆಗ ಬೂಟ್ ಆದರೆ ತಪ್ಪಿತಸ್ಥ ಸಿಕ್ಕಿದ ಹಾಗೆ. ಫಾಗ್ 10 ಸೆಕೆಂಡ್ ಕಾಯುವ ಫೈಲ್‌ಗಳನ್ನು ಬೇರೆ ಫೋಲ್ಡರ್‌ನಲ್ಲಿ ಕೊಟ್ಟಿದೆ. ಆದರೆ ನನ್ನ ಆಯ್ಕೆ ಸ್ವಿಚ್‌ನಲ್ಲಿ ಪೋರ್ಟ್‌ಫಾಸ್ಟ್ (ಆ 30 ಸೆಕೆಂಡ್ ಕಾಯದೆ ಪೋರ್ಟ್ ಬಿಡುವ ಸೆಟ್ಟಿಂಗ್) ಹಾಕುವುದು. ಇಡೀ ಲ್ಯಾಬ್ ಪ್ರತಿ ಸಲ ಹತ್ತು ಸೆಕೆಂಡ್ ಯಾಕೆ ಕಾಯಬೇಕು?

ಮೆನು ಬಂದು, ಕೆಲಸ ಆರಿಸಿ, ಕರ್ನಲ್ ಪೂರ್ತಿ ಇಳಿದ ಮೇಲೆ ನೆಟ್‌ವರ್ಕ್ ಇಲ್ಲ ಅಂದರೆ ಐಪಿಎಕ್ಸ್‌ಇ ಫೈಲ್ ಮುಟ್ಟಲೇಬೇಡಿ. ಅದು ತನ್ನ ಕೆಲಸ ಮುಗಿಸಿ ಹೋಗಿದೆ. ಈಗ ತೊಂದರೆ ಲಿನಕ್ಸ್ ಡ್ರೈವರ್‌ನದ್ದು. ಉದಾಹರಣೆಗೆ ರಿಯಲ್‌ಟೆಕ್ 8125 ಚಿಪ್‌ಗೆ ಲಿನಕ್ಸ್‌ನ ಒಳಗೇ ಬೆಂಬಲ ಬಂದಿದ್ದು 5.4 ಕರ್ನಲ್‌ನಲ್ಲಿ. ಅದಕ್ಕಿಂತ ಹಳೆಯ ಕರ್ನಲ್ ಇಟ್ಟುಕೊಂಡು ಹತ್ತು ಥರದ ಐಪಿಎಕ್ಸ್‌ಇ ಹಾಕಿದರೂ ಅಷ್ಟೇ. ಫಾಗ್ ವೆಬ್ ಪೇಜ್‌ನಲ್ಲೇ ಕರ್ನಲ್ ಅಪ್‌ಡೇಟ್ ಇದೆ, ಅಲ್ಲಿಂದ ಹೊಸದು ಇಳಿಸಿಕೊಳ್ಳಿ.

ನಮ್ಮಲ್ಲಿ ಡಿಎಚ್‌ಸಿಪಿ ಇರುವುದು ಫೈರ್‌ವಾಲ್‌ನಲ್ಲಿ, ಅದಕ್ಕೆ ಒಂದೇ ಫೈಲ್ ಹೆಸರು ಹೇಳಲು ಬರುತ್ತದೆ. ಅದಕ್ಕೇ ಫಾಗ್ ಸರ್ವರ್‌ನಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಂ ಅನ್ನು ಪ್ರಾಕ್ಸಿ ಆಗಿ, ಅಂದರೆ ಐಪಿ ಕೊಡದೆ ಫೈಲ್ ಹೆಸರು ಮಾತ್ರ ಹೇಳುವ ಹಾಗೆ ಓಡಿಸುತ್ತೇನೆ. ಮೆಷಿನ್ ತನ್ನ ಆರ್ಕಿಟೆಕ್ಚರ್ ಸಂಖ್ಯೆ ಹೇಳಿಕೊಳ್ಳುತ್ತದೆ: 00000 ಅಂದರೆ ಬಯೋಸ್, ಅದಕ್ಕೆ ಅಂಡಿಓನ್ಲಿ. 00007 ಅಥವಾ 00009 ಅಂದರೆ 64 ಬಿಟ್ ಯುಇಎಫ್‌ಐ, ಅದಕ್ಕೆ ಎಸ್‌ಎನ್‌ಪಿಓನ್ಲಿ. ಹಟಮಾರಿ ಮಾಡೆಲ್‌ಗೆ ಅದರ ಮ್ಯಾಕ್ ಅಡ್ರೆಸ್ ನೋಡಿ ಐಪಿಎಕ್ಸ್‌ಇ.ಇಎಫ್‌ಐ. ಈ ಫೈಲ್‌ಗಳಿಗೆ ಸಹಿ ಇಲ್ಲದ ಕಾರಣ ಇಮೇಜ್ ಹಾಕುವಷ್ಟು ಹೊತ್ತು ಸೆಕ್ಯೂರ್ ಬೂಟ್ ಆಫ್ ಮಾಡುತ್ತೇವೆ.

ಉಳಿದಿದ್ದು ಲ್ಯಾಪ್‌ಟಾಪ್. ಯುಎಸ್‌ಬಿ ಡಾಂಗಲ್‌ನಿಂದ ಫರ್ಮ್‌ವೇರ್ ತಾನೇ ಬೂಟ್ ಆಗುವ ಹಾಗಿದ್ದರೆ ಇಲ್ಲೂ ಎಸ್‌ಎನ್‌ಪಿಓನ್ಲಿಯೇ ಮೇಲು. ಒಂದೇ ಡಾಂಗಲ್ ಎಲ್ಲಕ್ಕೂ ಹಾಕಿದರೆ ಫಾಗ್‌ಗೆ ಎಲ್ಲ ಲ್ಯಾಪ್‌ಟಾಪ್ ಒಂದೇ ಹೋಸ್ಟ್ ಥರ ಕಾಣುತ್ತದೆ. ಹಾಗಾಗಿ ರಿಜಿಸ್ಟರ್ ಮಾಡದೆ ಮೆನುವಿನ ಡಿಪ್ಲಾಯ್ ಇಮೇಜ್‌ನಿಂದಲೇ ಹಾಕುತ್ತೇನೆ. ಡಾಂಗಲ್‌ನಿಂದ ಬೂಟ್ ಆಗದ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್. ಫ್ಯಾಟ್32 ಮಾಡಿ, ಇಎಫ್‌ಐ ಫೋಲ್ಡರ್‌ನ ಒಳಗಿನ ಬೂಟ್ ಫೋಲ್ಡರ್‌ನಲ್ಲಿ ಬೂಟ್‌ಎಕ್ಸ್64.ಇಎಫ್‌ಐ ಅಂತ ಹೆಸರಿಟ್ಟು ಫೈಲ್ ಹಾಕಬೇಕು. ಇಲ್ಲಿ ಮಾತ್ರ ಎಸ್‌ಎನ್‌ಪಿಓನ್ಲಿ ಹಾಕಬೇಡಿ. ಅದು ತಾನು ಬಂದ ಕಾರ್ಡ್‌ನ್ನೇ ಹುಡುಕುತ್ತದೆ, ಪೆನ್‌ಡ್ರೈವ್‌ನಿಂದ ಬಂದಾಗ ಅಂಥ ಕಾರ್ಡೇ ಇರುವುದಿಲ್ಲ. ಮೊದಲು ಎಸ್‌ಎನ್‌ಪಿ.ಇಎಫ್‌ಐ ಹಾಕಿ, ಬಯೋಸ್ ಸೆಟಪ್‌ನಲ್ಲಿ ನೆಟ್‌ವರ್ಕ್ ಸ್ಟ್ಯಾಕ್ ಆನ್ ಇದೆಯಾ ನೋಡಿಕೊಳ್ಳಿ. ಅದೂ ಆಗದಿದ್ದರೆ ಐಪಿಎಕ್ಸ್‌ಇ.ಇಎಫ್‌ಐ ಹಾಕಿ. ಈ ಒಂದು ಕಡೆ ಮಾತ್ರ ಹೊಸ ವರ್ಷನ್ ಆದಷ್ಟೂ ಒಳ್ಳೆಯದು.